ಮೇಳಕ್ಕೆ ಕರೆಯುತ್ತಿದ್ದ ಸ್ವರ

ಯಾವ ಕಾರ್ಯಕ್ರಮದ ಪ್ರಚಾರಕ್ಕೆ ಕರೆದರೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟು ಹೊತ್ತಿಗೆ ಮುಗೀತದೆ?" ಸಂಜೆ ಆಗಬಹುದು ಎಂದು ಸಂಘಟಕರು ಹೇಳಿದರೆ, "ಹಾಗಾದ್ರೆ ಕರಿಕೆ ಕಡೆಯವರನ್ನು ಕರೆಯೋದು ಬೇಡ. ಅವರಿಗೆ ವಾಪಸ್ ಹೋಗ್ಲಿಕ್ಕೆ ಬಸ್ಸಿಲ್ಲ," ಎನ್ನುತ್ತಿದ್ದರು. ಆಮೇಲೆ ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಮಳೆ ಬಂದರೆ ನಿಲ್ಲಲು ಜಾಗ, ಇವೆಲ್ಲದರ ವಿಚಾರಣೆ. ಮಿಕ್ಸಿ, ಗ್ರೈಂಡರುಗಳ ಪ್ರದರ್ಶನ ಇಟ್ಟಿದ್ದ ವ್ಯಾಪಾರಿಯೊಬ್ಬರು ಒಮ್ಮೆ ತಾಳ್ಮೆಗೆಟ್ಟು, "ನೀವು ಅನೌನ್ಸ್ ಮಾಡೋರಾ, ಮದುವೆ ಮನೆ ಯಜಮಾನರಾ?" ಎಂದು ಕೇಳಿಯೇಬಿಟ್ಟರು.

"ಕರೆದ ಮೇಲೆ ಎರಡೂ ಒಂದೇ ಅಲ್ವಾ ಸಾರ್?" ಎಂದರು ಇವರು, ಸ್ವಲ್ಪವೂ ಬೇಸರಿಸಿಕೊಳ್ಳದೆ.

ಮಡಿಕೇರಿಯಲ್ಲಿ ನನ್ನದು ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಪ್ರಚಾರಕ್ಕೆಂದು ಒಂದು ಹಳೆಯ ವ್ಯಾನಿದೆ, ತಲೆಯ ಮೇಲೆ ಎರಡು ಕಹಳೆ ಸ್ಪೀಕರುಗಳು. ಅದನ್ನು ಓಡಿಸುತ್ತಿದ್ದವನು ನಾನು. ನನ್ನ ಎಡಕ್ಕೆ ಮೈಕು ಹಿಡಿದು ಕೂರುತ್ತಿದ್ದವರು ಅವರು. ಊರಿನವರು ಅವರನ್ನು ಮೈಕಣ್ಣ ಎಂದು ಕರೆಯುತ್ತಿದ್ದರು. ಈ ಮಳೆಗಾಲದ ಕೊನೆಗೆ ಅವರು ತೀರಿಕೊಂಡರು. ಅಂದಿನಿಂದ ವ್ಯಾನಿನ ಎಡಗಡೆಯ ಸೀಟಿನಲ್ಲಿ ಕೇಬಲ್ಲಿನ ಸುರುಳಿಗಳನ್ನು ಇಡುತ್ತಿದ್ದೇನೆ.

ಅವರ ಸ್ವರ ಬಹಳ ದೊಡ್ಡದೇನೂ ಆಗಿರಲಿಲ್ಲ. ಕೂಗುವವರು ಬೇರೆ ಬೇಕಾದಷ್ಟು ಜನರಿದ್ದರು. ಇವರು ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿದು, ಪಕ್ಕದ ಮನೆಯವರನ್ನು ಬೇಲಿಯಾಚೆಯಿಂದ ಮಾತಾಡಿಸುವ ಹಾಗೆ ಮಾತಾಡುತ್ತಿದ್ದರು. "ಅಕ್ಕಾ, ಬಿಡುವಿದ್ರೆ ಒಂದು ಗಳಿಗೆ ಬಂದು ಹೋಗಿ. ಕೊಳ್ಳಲೇಬೇಕು ಅಂತ ಇಲ್ಲ. ನೋಡಿ, ಕೈಯಲ್ಲಿ ಹಿಡಿದು ನೋಡಿ, ಬೇಡ ಅನಿಸಿದ್ರೆ ಹಾಗೇ ವಾಪಸ್ ಹೋಗಿ." ಕೊಳ್ಳಲೇಬೇಕೆಂದಿಲ್ಲ ಎನ್ನುವ ಮಾತು ಕೇಳಿ ವ್ಯಾಪಾರಿಗಳು ಹೌಹಾರುತ್ತಿದ್ದರು. ಜನ ಮಾತ್ರ ಆ ಮಾತಿಗೇ ಬರುತ್ತಿದ್ದರು.

ಸಂಪಾಜೆ ಕಡೆಯ ಅರೆಭಾಷೆಯ ಮನೆತನ ಅವರದು. ಆದರೆ ವಿರಾಜಪೇಟೆಯ ಸಂತೆ ಬಂದಾಗ ಕೊಡವ ತಕ್ಕ್ ಮಾತಾಡುತ್ತಿದ್ದರು, ಸಿದ್ದಾಪುರದಲ್ಲಿ ಮಲಯಾಳ, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ತಮಿಳು. ಎಲ್ಲವೂ ಸರಿಯಾಗಿ ಬರುತ್ತಿತ್ತು ಎಂದೇನಲ್ಲ. ಶ್ರೀಮಂಗಲದಲ್ಲಿ ಒಬ್ಬ ಅಜ್ಜಿ ವ್ಯಾನು ನಿಲ್ಲಿಸಿ ಅವರ ಒಂದು ಪದವನ್ನು ತಿದ್ದಿ ಕಳಿಸಿದ್ದರು. ಮುಂದಿನ ತಿರುವಿನಲ್ಲೇ ಅವರು ಮೈಕಿನಲ್ಲಿ, "ಈಗ ತಪ್ಪು ಹೇಳಿದ್ದೆ, ಅಜ್ಜಿ ಸರಿ ಮಾಡಿ ಕೊಟ್ರು," ಎಂದು ಪದವನ್ನು ಮತ್ತೆ ಹೇಳಿದರು. ಅಜ್ಜಿ ಮೇಳಕ್ಕೆ ಬಂದಿದ್ದರು, ಮೊಮ್ಮಕ್ಕಳನ್ನೂ ಕರೆದುಕೊಂಡು.

ಸಾವಾದ ಮನೆಯ ಮುಂದೆ ಮೈಕು ಆಫ್. ಶಾಲೆಯ ಮುಂದೆ ಆಫ್. ಹಸು ಕಟ್ಟಿದ್ದ ಕಡೆ ಸ್ವರ ತಗ್ಗಿಸುವುದು. ಇವೆಲ್ಲ ನಾವಿಬ್ಬರೂ ಮಾತಾಡಿಕೊಂಡು ಮಾಡಿದ ನಿಯಮಗಳಲ್ಲ. ಅವರ ಹೆಬ್ಬೆರಳು ತಾನಾಗಿ ಗುಂಡಿ ಒತ್ತುತ್ತಿತ್ತು. ಆದರೆ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತಿದ್ದರು. ಪ್ರಚಾರ ಮುಗಿದರೆ ನಮ್ಮ ಕೆಲಸ ಮುಗಿಯಿತು ಎಂದು ನಾನು ಹೊರಟರೆ ಅವರು ಒಪ್ಪುತ್ತಿರಲಿಲ್ಲ. ಮೇಳದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಲ್ಲಲೇಬೇಕು. ಒಳಗೆ ಹೋಗುವವರಿಗೆ ನಮಸ್ಕಾರ ಹೇಳುವವರು ಬೇರೆ ಇರುತ್ತಿದ್ದರು; ಇವರು ಹೊರಗೆ ಬರುವವರನ್ನು ಹಿಡಿದು ಕೇಳುತ್ತಿದ್ದರು, "ಬಂದದ್ದಕ್ಕೆ ಏನಾದ್ರೂ ಪ್ರಯೋಜನ ಆಯ್ತಾ?" ಇಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ಹೊಲಿಗೆ ಯಂತ್ರ ನೋಡಲು ಬಂದ ಹೆಂಗಸೊಬ್ಬಳು ತಡವಾಗಿ ತಲುಪಿದಾಗ ಅವಳನ್ನು ಮನೆಗೆ ಕರೆದೊಯ್ದು ಊಟ ಹಾಕಿಸಿ, ವ್ಯಾಪಾರಿಯನ್ನು ಕಾಡಿ, ಕಟ್ಟಿಟ್ಟಿದ್ದ ಯಂತ್ರವನ್ನು ಬಿಚ್ಚಿಸಿ ತೋರಿಸಿದ್ದರು. "ನನ್ನ ಸ್ವರ ಕೇಳಿ ಮನೆಯಿಂದ ಹೊರಟದ್ದಲ್ವಾ ಮಾರಾಯ," ಎಂದರು ನನಗೆ, ಅದರಲ್ಲಿ ವಿವರಿಸುವುದು ಏನಿದೆ ಎನ್ನುವ ಹಾಗೆ.

ಅವರ ಗಂಟಲು ಕಟ್ಟತೊಡಗಿದಾಗ ಇಬ್ಬರೂ ಧೂಳಿನ ಮೇಲೆ ತಪ್ಪು ಹೊರಿಸಿದೆವು. ಮೆಣಸು, ಶುಂಠಿ ಕಷಾಯವಾಯಿತು. ಕಷಾಯಕ್ಕೆ ಜಗ್ಗದಾಗ ಮಂಗಳೂರಿನ ಆಸ್ಪತ್ರೆ. ಗಂಟಲಿನ ಕ್ಯಾನ್ಸರ್; ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಶಸ್ತ್ರಚಿಕಿತ್ಸೆಯಾಗಿ ಅವರನ್ನು ನನ್ನ ವ್ಯಾನಿನಲ್ಲೇ ಕರೆತಂದೆ. ಸಂಪಾಜೆ ದಾಟಿ ಘಾಟಿ ಹತ್ತುವಾಗ ಅವರು ಎಂದಿನ ಜಾಗದಲ್ಲೇ ಕೂತಿದ್ದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಮಾಡಿದ್ದ ತೂತಿಗೆ ಬಿಳಿ ಬಟ್ಟೆಯ ಹೊದಿಕೆ. ದಾರಿಯುದ್ದಕ್ಕೂ ಸ್ಪೀಕರಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡಿದ್ದರು, ಒತ್ತಲಿಲ್ಲ.

ಆಮೇಲೆ ಮನೆಯಲ್ಲಿ ಅವರ ಮಾತು ಚಪ್ಪಾಳೆಯಾಯಿತು. ಒಂದು ತಟ್ಟಿದರೆ ಹೆಂಡತಿಯನ್ನು ಕರೆದ ಹಾಗೆ. ಅವರು ತುಟಿಯಾಡಿಸಿದ್ದನ್ನು ಹೆಂಡತಿ ಓದಿ ನಮಗೆ ಹೇಳುತ್ತಿದ್ದರು. ಕುತ್ತಿಗೆಯ ಹೊದಿಕೆಯನ್ನು ಯಾರೂ ನೋಡಬಾರದೆಂದು ಅವರು ಅದರ ಮೇಲೆ ಗಂಜಿ ಹಾಕಿದ ಶಾಲೊಂದನ್ನು ಸುತ್ತುತ್ತಿದ್ದರು. ಸಂಜೆ ನಾನು ಹೋದರೆ ಊರಲ್ಲಿ ಯಾವ ಮೇಳ ಬಂದಿದೆ, ಯಾರು ಕೂಗುತ್ತಿದ್ದಾರೆ ಎಂದು ಕೈಸನ್ನೆಯಲ್ಲೇ ವಿಚಾರಿಸುತ್ತಿದ್ದರು.

ಹೀಗಿರುವಾಗ ಹೊರ ಊರಿನ ಕಂಪನಿಯೊಂದರ ಮ್ಯಾನೇಜರ್ ನನ್ನ ಅಂಗಡಿಗೆ ಬಂದರು. ಮಡಿಕೇರಿಯ ಸಭಾಭವನದಲ್ಲಿ ಬೆಳೆಗಾರರ ಮತ್ತು ಖರೀದಿದಾರರ ಸಮಾವೇಶವಂತೆ. ಕಾಫಿ, ಮೆಣಸು, ಏಲಕ್ಕಿ, ಜೇನು. ಸಣ್ಣ ಬೆಳೆಗಾರರು ದಲ್ಲಾಳಿಗಳಿಲ್ಲದೆ ನೇರವಾಗಿ ಖರೀದಿದಾರರನ್ನು ಕಾಣಬಹುದು. ವಿನಯದ ಮನುಷ್ಯ, ಮೂವತ್ತರ ಆಸುಪಾಸು, ಮಾತಿಗೊಮ್ಮೆ ಸರ್ ಎನ್ನುವವರು. "ಪೋಸ್ಟರ್ ಹಾಕಿದೀವಿ ಸರ್, ಫೋನಲ್ಲೂ ಜಾಹೀರಾತು ಕೊಟ್ಟಿದೀವಿ. ಯಾರೂ ಹೆಸರು ನೋಂದಾಯಿಸ್ತಾ ಇಲ್ಲ. ಎಲ್ಲರೂ ಮೈಕಣ್ಣ ಕರೆದ್ರೆ ಬರ್ತೀವಿ ಅಂತಾರೆ."

ಅವರಿಗೆ ಈಗ ಸ್ವರವಿಲ್ಲ ಎಂದೆ. ಮ್ಯಾನೇಜರ್, "ಹಳೇ ರೆಕಾರ್ಡಿಂಗ್ ಇದ್ರೆ ಸಾಕು ಸರ್. ಕಂಪ್ಯೂಟರ್ ಅವರ ಸ್ವರ ಕಲಿತುಕೊಳ್ಳುತ್ತೆ. ನಾವು ಬರೆದದ್ದನ್ನ ಅವರ ಹಾಗೇ ಹೇಳುತ್ತೆ," ಎಂದರು.

ಮನೆಗೆ ಕರೆದುಕೊಂಡು ಹೋದೆ. ವಿಷಯ ತಿಳಿದದ್ದೇ ಅವರು ಎದ್ದು ಹೋಗಿ ಹೆಂಡತಿಯ ಫೋನನ್ನು ತಂದರು. ಹಳೆಯ ಪ್ರಚಾರದ ತುಣುಕುಗಳು, ಯಾವುದೋ ಮದುವೆಯಲ್ಲಿ ಮಾತಾಡಿದ್ದು, ಎಲ್ಲ ಅದರಲ್ಲಿದ್ದವು. ಕೆಲವು ದಿನ ಬಿಟ್ಟು ಮ್ಯಾನೇಜರ್ ಲ್ಯಾಪ್‌ಟಾಪಿನೊಂದಿಗೆ ಮತ್ತೆ ಬಂದರು. ಜಗಲಿಯಲ್ಲಿ ಕೂತು ಗುಂಡಿ ಒತ್ತಿದರು.

"ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಾ?"

ಒಳಗೆ ಪಾತ್ರೆ ಬಿದ್ದ ಸದ್ದು. ಅವರ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದರು. "ಎಂತ ಹೇಳ್ದ್ರಿ? ಈಗ ನೀವೇ ಹೇಳಿದ್ದಾ?" ಎಂದು ಗಂಡನ ಮುಖವನ್ನು ನೋಡಿದರು. ಅವರು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದರು. ನಗುತ್ತಿದ್ದರು. ಸದ್ದಿಲ್ಲದ ನಗು, ಹೆಗಲು ಮಾತ್ರ ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಇನ್ನೊಮ್ಮೆ ಹಾಕಿಸಿ ಎಂದು ಬೆರಳೆತ್ತಿದರು. ಮತ್ತೆ ಇನ್ನೊಮ್ಮೆ.

ಒಪ್ಪಿಗೆಗೆ ಸಹಿ ಹಾಕುವ ಮೊದಲು ತುಟಿಯಾಡಿಸಿದರು. ಹೆಂಡತಿ ಓದಿ ಹೇಳಿದರು: "ನೀರು ಉಂಟಾ, ಬಸ್ಸಿನ ಹೊತ್ತಿಗೆ ಮುಗೀತದಾ, ಖರೀದಿ ಮಾಡುವವರು ನಿಜವಾಗಿ ಬರ್ತಾರಾ ಅಂತ ಕೇಳ್ತಾ ಇದ್ದಾರೆ."

"ಎಲ್ಲ ಇದೆ ಸರ್. ಬರ್ತಾರೆ ಸರ್," ಎಂದರು ಮ್ಯಾನೇಜರ್.

ನಾವು ಮತ್ತೆ ವ್ಯಾನಿನಲ್ಲಿ ಹೊರಟೆವು, ಹಳೆಯ ದಿನಗಳ ಹಾಗೆ. ಸ್ವರ ಮೇಲಿನ ಸ್ಪೀಕರಿನಿಂದ ಬರುತ್ತಿದ್ದರೆ ಅವರು ನನ್ನ ಪಕ್ಕದಲ್ಲಿ ಕೂತು ತುಟಿಯಾಡಿಸುತ್ತಿದ್ದರು. ಕೆಲವೊಮ್ಮೆ ಸ್ವರ ಮುಂದೆ ಓಡುತ್ತಿತ್ತು, ಇವರು ಹಿಂದೆ ಬೀಳುತ್ತಿದ್ದರು. ಕಂಪ್ಯೂಟರಿಗೆ ಹಸುವಿನ ಕೊಟ್ಟಿಗೆ ಗೊತ್ತಿರಲಿಲ್ಲ, ಆದ್ದರಿಂದ ಗುಂಡಿಯನ್ನು ಅವರೇ ನೋಡಿಕೊಳ್ಳುತ್ತಿದ್ದರು. ಮಾರುಕಟ್ಟೆಯಲ್ಲಿ ಜನ ವ್ಯಾನನ್ನು ಮುತ್ತಿದರು. "ಗುಣ ಆಯ್ತಲ್ಲ ಮೈಕಣ್ಣ! ಸ್ವರ ಮೊದಲಿಗಿಂತ ಚೆಂದ ಉಂಟು!" ಅವರು ಕುತ್ತಿಗೆ ಮುಟ್ಟಿ, ತಲೆಯಾಡಿಸಿ, ಸ್ಪೀಕರ್ ತೋರಿಸುತ್ತಿದ್ದರು. ವಿಶ್ರಾಂತಿಯಲ್ಲಿದ್ದಾರೆ, ಅನೌನ್ಸ್ ಮಾಡಿ ಗಂಟಲು ದಣಿದಿದೆ ಎಂದು ಜನ ತಿಳಿದರು. ನಾನು ಕಂಪ್ಯೂಟರ್ ಎಂದು ವಿವರಿಸಿದರೆ, "ಹೌದಾ, ಈಗ ಎಲ್ಲ ಬಂದದೆ ಅಲ್ವಾ," ಎಂದು ನಗುತ್ತಿದ್ದರು. ಅದನ್ನು ಯಾರೂ ತಲೆಗೆ ಹಾಕಿಕೊಂಡಂತೆ ಕಾಣಲಿಲ್ಲ. ಅವರಿಗೆ ಬೇಕಾದದ್ದು ಆ ಸ್ವರ, ಅದು ಬಂದಿತ್ತು.

ಸಮಾವೇಶ ಹತ್ತಿರ ಬಂದಾಗ ಮ್ಯಾನೇಜರ್ ನನ್ನ ಫೋನಿಗೆ ಹೊಸ ಪ್ರಕಟಣೆಯನ್ನು ಕಳಿಸಿದರು. ಹಳೆಯದರ ಹಾಗೆಯೇ ಇರಬಹುದೆಂದುಕೊಂಡು ನಾನು ಹಾಕಿದೆ. ಸುಂಟಿಕೊಪ್ಪದ ರಸ್ತೆಯಲ್ಲಿದ್ದೆವು.

"ವಿದೇಶದ ಖರೀದಿದಾರರು ಮಡಿಕೇರಿಗೇ ಬರುತ್ತಿದ್ದಾರೆ. ನಿಮ್ಮ ಮೆಣಸು, ನಿಮ್ಮ ಜೇನು ತನ್ನಿ. ಅಲ್ಲೇ ನೋಡಿ ಅಲ್ಲೇ ಬೆಲೆ ಕಟ್ಟಿ ಕೊಳ್ಳುತ್ತಾರೆ. ನಾನು ಅವರನ್ನು ಮಾತಾಡಿಸಿ ಬಂದಿದ್ದೇನೆ. ಇಷ್ಟು ವರ್ಷ ನಿಮಗೆ ಸುಳ್ಳು ಹೇಳಿದವನಲ್ಲ. ನನ್ನ ಮಾತು ನಂಬಿ, ಬನ್ನಿ."

ಅವರ ತುಟಿ ನಿಂತಿತು. ಗುಂಡಿ ಒತ್ತಿದರು. ನನ್ನ ಕಡೆ ತಿರುಗಿ ಎರಡೂ ಕೈಗಳನ್ನು ಜೋರಾಗಿ ಆಡಿಸಿದರು. ನಾನು ವ್ಯಾನನ್ನು ಬದಿಗೆ ನಿಲ್ಲಿಸಿ ಮ್ಯಾನೇಜರಿಗೆ ಫೋನು ಮಾಡಿದೆ.

"ಸ್ವಲ್ಪ ಮಸಾಲೆ ಅಷ್ಟೇ ಸರ್. ಇಲ್ಲದಿದ್ರೆ ಹಾಲ್ ತುಂಬಲ್ಲ."

"ಇವರು ಯಾರನ್ನೂ ಮಾತಾಡಿಸಿ ಬಂದಿಲ್ಲ. ಹಾಗೆ ಹೇಳೋದು ಹೇಗೆ?"

"ಜಾಹೀರಾತಿನ ಭಾಷೆ ಸರ್ ಅದು. ನಿಮಗೆ ಬೇಡ ಅಂದ್ರೆ ನಿಮ್ಮ ವ್ಯಾನ್ ನಿಲ್ಲಿಸಿ. ಪ್ರಚಾರದ ಆಟೋಗಳಿಗೆ ಬೆಳಗ್ಗೆಯೇ ಕೊಟ್ಟಾಗಿದೆ. ವಾಟ್ಸಾಪಲ್ಲೂ ಹೋಗಿದೆ."

ನನ್ನ ವ್ಯಾನು ನಿಂತಿತು. ಆದರೆ ಸ್ವರ ನಿಲ್ಲಲಿಲ್ಲ. ಅವರು ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ, 'ಇದು ನಾನು ಹೇಳಿದ್ದಲ್ಲ' ಎಂದು ಬರೆದು ಗೊತ್ತಿದ್ದ ಗುಂಪುಗಳಿಗೆಲ್ಲ ಹಾಕಿದರು. ಅದರ ಕೆಳಗೆ ಯಾರೋ ಆ ಪ್ರಕಟಣೆಯನ್ನೇ ಹಾಕಿ, 'ಮತ್ತೆ ಇದು ಯಾರ ಸ್ವರ?' ಎಂದು ಕೇಳಿದರು. ಇನ್ನೊಬ್ಬರು, ದಲ್ಲಾಳಿಗಳು ಮೈಕಣ್ಣನ ಹೆಸರಿನಲ್ಲಿ ಸುಳ್ಳು ಬರೆಯುತ್ತಿದ್ದಾರೆ, ನಂಬಬೇಡಿ, ಅವರ ಬಾಯಿಂದ ಬಂದದ್ದನ್ನು ಕೇಳಿ ಎಂದು ಎಲ್ಲರನ್ನೂ ಎಚ್ಚರಿಸಿದರು. ಮೈಕಣ್ಣ ಫೋನನ್ನು ನನ್ನ ಕೈಗೆ ಕೊಟ್ಟರು. ನಾನೂ ಒಂದು ಸಾಲು ಬರೆದೆ. ನನ್ನ ಮಾತಿಗೆ ಯಾರೂ ಉತ್ತರವನ್ನೇ ಕೊಡಲಿಲ್ಲ.

ಸಮಾವೇಶದ ದಿನ ನೀವು ಹೋಗುವುದು ಬೇಡ ಎಂದು ನಾನೂ ಹೇಳಿದೆ, ಹೆಂಡತಿಯೂ ಹೇಳಿದರು. ಅವರು ಅಷ್ಟರಲ್ಲಾಗಲೇ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡಿದ್ದರು.

ಜನ ಬಂದರು. ಅಷ್ಟು ಜನರನ್ನು ಆ ಸಭಾಭವನದಲ್ಲಿ ನಾನು ಕಂಡದ್ದಿಲ್ಲ. ಎಸ್ಟೇಟಿನ ಒಡೆಯರಲ್ಲ, ಮನೆ ಹಿಂದೆ ಒಂದಿಷ್ಟು ಮೆಣಸಿನ ಬಳ್ಳಿ ಇರುವವರು, ಜೇನುಪೆಟ್ಟಿಗೆ ಇಟ್ಟವರು. ಬಟ್ಟೆಚೀಲದಲ್ಲಿ ಮೆಣಸು, ಸೀಸೆಯಲ್ಲಿ ಜೇನು, ಪೇಪರಿನಲ್ಲಿ ಸುತ್ತಿದ ಏಲಕ್ಕಿ. ಬಾಗಿಲಲ್ಲಿ ಅವರನ್ನು ಕಂಡು ಕೈ ಹಿಡಿದು, "ನೀವು ಕರೆದ್ರಲ್ಲ, ಬಂದೇಬಿಟ್ಟೆವು," ಎನ್ನುತ್ತ ಒಳಗೆ ಹೋದರು. ಅವರು ಒಬ್ಬೊಬ್ಬರನ್ನೂ ತಡೆಯಲು ನೋಡಿದರು. ಅಡ್ಡಡ್ಡ ತಲೆಯಾಡಿಸಿದರು. ಜನ ಅದನ್ನು ಸಂಕೋಚ ಎಂದುಕೊಂಡರು.

ಒಳಗೆ ಪರದೆಯ ಮೇಲೆ ಭಾಷಣ. ಮೊಬೈಲಿನಲ್ಲಿ ಬೆಳೆ ಮಾರುವ ಒಂದು ಯೋಜನೆಗೆ ಸದಸ್ಯರಾಗಿ ಎಂದು ಮೇಜು ಮೇಜಿನಲ್ಲೂ ಒತ್ತಾಯ. ವಿದೇಶದ ಖರೀದಿದಾರರೆಂದರೆ ಪರದೆಯಲ್ಲಿ ಕಂಡ ಎರಡು ಮುಖಗಳು; ಮಾತು ಅರ್ಧಕ್ಕೆ ಕಡಿದುಹೋಯಿತು, ಮತ್ತೆ ಬರಲಿಲ್ಲ. ಮೆಣಸನ್ನು ಯಾರೂ ಮೂಸಿ ನೋಡಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಜನ ಚೀಲಗಳನ್ನು ಹಾಗೆಯೇ ಹಿಡಿದುಕೊಂಡು ಹೊರಗೆ ಬರತೊಡಗಿದರು.

ಬಾಗಿಲಲ್ಲಿ ಅವರು ನಿಂತಿದ್ದರು.

ಬೈದವರಿದ್ದರು. "ನಿಮಗೆಷ್ಟು ಕೊಟ್ರು?" ಎಂದು ಕೇಳಿದವರೂ ಇದ್ದರು. ಅವರು ಕೈಮುಗಿದೇ ನಿಂತಿದ್ದರು. ಬಾಯಿ ತೆರೆದರೆ ಕುತ್ತಿಗೆಯ ಬಟ್ಟೆ ಸ್ವಲ್ಪ ಉಬ್ಬುತ್ತಿತ್ತು, ಅಷ್ಟೇ. ನಾನು ಪಕ್ಕದಲ್ಲಿ ನಿಂತು ವಿವರಿಸಲು ನೋಡಿದೆ. ಶ್ರೀಮಂಗಲದ ಕಡೆಯ ಒಬ್ಬ ಹೆಂಗಸು, ಜೇನಿನ ಸೀಸೆಗಳನ್ನು ಬುಟ್ಟಿಯಲ್ಲಿ ಹೊತ್ತು ತಂದವರು, ನನ್ನನ್ನು ನಡುವೆಯೇ ತಡೆದರು.

"ನೀವು ಸುಮ್ನಿರಿ. ನಾನು ಇವರ ಹತ್ರ ಕೇಳ್ತಾ ಇರೋದು." ಆಮೇಲೆ ಅವರ ಕಡೆ ತಿರುಗಿ, ಸ್ವರ ಏರಿಸದೆ ಹೇಳಿದರು: "ಬೇರೆ ಯಾರು ಕರೆದಿದ್ರೂ ನಾನು ಬರ್ತಿರ್ಲಿಲ್ಲ ಅಣ್ಣಾ. ನನ್ನ ಗಂಡನಿಗೂ ಹಾಗೇ ಹೇಳಿ ಬಂದದ್ದು. ಅಲ್ಲಿ ಹೋಗಿ ಏನು ಹೇಳ್ಲಿ ಈಗ?"

"ಅದು ಕಂಪ್ಯೂಟರ್ ಹೇಳಿದ್ದು ಅಕ್ಕಾ," ಎಂದೆ ನಾನು.

"ನಂಗೆ ಇವರ ಸ್ವರ ಗೊತ್ತಿಲ್ವಾ? ನಾನು ಮದುವೆ ಆಗಿ ಬಂದಾಗಿಂದ ಕೇಳಿದ್ದೇನೆ."

ಆಗ ಅವರು ಶಾಲನ್ನು ಬಿಚ್ಚಿದರು. ಅದರ ಕೆಳಗಿನ ಬಟ್ಟೆಯನ್ನೂ ತೆಗೆದರು. ಅಷ್ಟು ಜನರ ಮುಂದೆ, ಹಗಲ ಬೆಳಕಿನಲ್ಲಿ, ಕುತ್ತಿಗೆಯನ್ನು ಎತ್ತಿ ಆ ತೂತನ್ನು ತೋರಿಸಿದರು. ಉಸಿರು ಅಲ್ಲಿಂದ ಸೀಟಿಯ ಹಾಗೆ ಬರುತ್ತಿತ್ತು. ಆ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಮುಖ ತಿರುಗಿಸಿದರು. ಸುತ್ತ ನಿಂತವರು ಒಬ್ಬೊಬ್ಬರಾಗಿ ಸರಿದು ಹೋದರು. ಈಗ ಅವರಿಗೆ ಅರ್ಥವಾಯಿತೋ, ನೋಡಲಾಗದೆ ಹೋದರೋ, ನನಗೆ ತಿಳಿಯಲಿಲ್ಲ. ಮೈಕಣ್ಣ ಶಾಲನ್ನು ಕೈಯಲ್ಲಿ ಹಿಡಿದು ಎಲ್ಲರೂ ಹೋಗುವ ತನಕ ಹಾಗೆಯೇ ನಿಂತಿದ್ದರು.

ಕರಿಕೆಯ ಗಂಡ ಹೆಂಡತಿ ಇಬ್ಬರು ಉಳಿದಿದ್ದರು. ಬಸ್ಸು ಹೋಗಿತ್ತು. ಪ್ರಕಟಣೆಯಲ್ಲಿ ಬಸ್ಸಿನ ಹೊತ್ತು ಹೇಳಿರಲಿಲ್ಲ, ಹಾಗಾಗಿ ಮೈಕಣ್ಣ ಏನೋ ವ್ಯವಸ್ಥೆ ಮಾಡಿರುತ್ತಾರೆ ಎಂದು ಅವರು ನಂಬಿದ್ದರು. ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಭಾಗಮಂಡಲ ದಾಟಿ ಮನೆ ತಲುಪಿಸಿದೆವು. ಇಳಿಯುವಾಗ ಆ ಗಂಡಸು ಮೈಕಣ್ಣನ ಮೊಣಕೈ ಮುಟ್ಟಿ, "ಬೇಜಾರು ಮಾಡ್ಬೇಡಿ, ಪೇಟೆ ನೋಡಿದ ಹಾಗಾಯ್ತು," ಎಂದರು. ಬೈದವರ ಮುಂದೆ ಗಟ್ಟಿಯಾಗಿ ನಿಂತಿದ್ದವರು ಆ ಮಾತಿಗೆ ಅತ್ತರು. ಅಳುವಿಗೂ ಸ್ವರವಿರಲಿಲ್ಲ.

ಮ್ಯಾನೇಜರ್ ಊರು ಬಿಟ್ಟರು. ವಕೀಲರೊಬ್ಬರನ್ನು ಕಂಡೆವು. ಒಪ್ಪಿಗೆ ಕೊಟ್ಟಿದ್ದೀರಿ, ಎಲ್ಲಿಯ ತನಕ, ಯಾವುದಕ್ಕೆ ಎಂದು ಅದರಲ್ಲಿ ಹೇಳಿಲ್ಲ, ನೋಡೋಣ ಎಂದರು. ನಾವು ನೋಡುತ್ತಲೇ ಇದ್ದೆವು. ಆ ಕಂಪನಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸ್ವರ ಕೈ ಬದಲಾಯಿಸಿರಬೇಕು. ಚಿನ್ನದ ಒಡವೆಯ ಪ್ರದರ್ಶನ, ಸೋಫಾ ಮೇಳ, ಕುಶಾಲನಗರದಲ್ಲಿ ನಿವೇಶನ ಮಾರಾಟದ ಸಭೆ, ಎಲ್ಲಕ್ಕೂ ಅದೇ ಸ್ವರ ಕರೆಯುತ್ತಿತ್ತು. ಫೋನು ಮಾಡಿದರೆ ಯಾವ ನಂಬರಿನಲ್ಲೂ ಒಡೆಯರು ಸಿಗುತ್ತಿರಲಿಲ್ಲ. ಆಟೋದವರಿಗೆ ಏನೂ ಗೊತ್ತಿರಲಿಲ್ಲ.

ಅವರು ಪೇಟೆಗೆ ಹೋಗುವುದನ್ನು ಬಿಟ್ಟರು. ಮನೆಯ ಕೆಳಗಿನ ರಸ್ತೆಯಲ್ಲಿ ಆಟೋ ಬಂದರೆ ಹೆಂಡತಿ ಹೋಗಿ ಕಿಟಕಿ ಮುಚ್ಚುತ್ತಿದ್ದರು. ಅವರು ಎದ್ದು ಮತ್ತೆ ತೆರೆಯುತ್ತಿದ್ದರು. ಒಂದು ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ಕಿಟಕಿಯ ಸರಳು ಹಿಡಿದು ಕೇಳುತ್ತಿದ್ದರು. ಸ್ವರ ಸೋಮವಾರಪೇಟೆ ಎನ್ನುವಲ್ಲಿ ಎಡವಿತು. ಅವರು ಹುಬ್ಬು ಗಂಟಿಕ್ಕಿ ಬೆರಳಿನಿಂದ ಗಾಳಿಯಲ್ಲಿ ತಿದ್ದಿದರು. ಮುಂದಿನ ಸಾಲು ಚೆನ್ನಾಗಿ ಬಂತು. ತಲೆದೂಗಿದರು. ಆಮೇಲೆ ನಾನು ನೋಡುತ್ತಿರುವುದನ್ನು ಕಂಡು ಒಳಗೆ ಹೋದರು.

ರೋಗ ಮರಳಿ ಬಂದಾಗ ಅವರು ಆಸ್ಪತ್ರೆ ಬೇಡ ಎಂದರು. ಹೆಚ್ಚು ದಿನ ನರಳಲಿಲ್ಲ.

ತಿಥಿಯ ದಿನ ಅಂಗಳದಲ್ಲಿ ಊಟಕ್ಕೆ ಕೂತಿದ್ದೆವು. ನೆಂಟರು, ನೆರೆಯವರು, ಮಾರುಕಟ್ಟೆಯ ಕೆಲವರು. ಅವರ ಹೆಂಡತಿ ತಾವೇ ಬಡಿಸುತ್ತಿದ್ದರು, ಬೇಡವೆಂದರೂ ಕೇಳಿರಲಿಲ್ಲ. ಅನ್ನ ಬಡಿಸಿ ಸಾರಿಗೆ ಕೈ ಹಾಕುವಾಗ ಕೆಳಗಿನ ರಸ್ತೆಯಲ್ಲಿ ಆಟೋ ಬಂತು.

"ಅಕ್ಕಾ, ಅಣ್ಣಾ, ಮನೆಮಂದಿಯೆಲ್ಲ ಬನ್ನಿ. ಮಂಚ, ಕಪಾಟು, ಸೋಫಾ, ಎಲ್ಲ ಒಂದೇ ಸೂರಿನಡಿ. ನಾನು ಅಲ್ಲಿಯೇ ಇರ್ತೇನೆ, ಬನ್ನಿ."

ಎಲೆಗಳ ಮೇಲೆ ಕೈಗಳು ನಿಂತವು. ಯಾರೂ ಯಾರನ್ನೂ ನೋಡಲಿಲ್ಲ. ಮೈಕಣ್ಣನ ತಮ್ಮ ಎದ್ದು, ಕಲ್ಲು ಹುಡುಕುವವನ ಹಾಗೆ ಅತ್ತಿತ್ತ ನೋಡಿ, ಗೇಟಿನ ಕಡೆ ನಡೆದ. "ನೀ ಕೂತ್ಕೋ," ಎಂದರು ಅವರ ಹೆಂಡತಿ. ಸಾರಿನ ಪಾತ್ರೆಯನ್ನು ಸೊಂಟಕ್ಕೆ ಒರಗಿಸಿಕೊಂಡು ಅಂಗಳದ ಅಂಚಿಗೆ ಹೋಗಿ ನಿಂತರು. ತಿರುವಿನಲ್ಲಿ ಸ್ವರ ಮರೆಯಾಯಿತು, ಮತ್ತೆ ಮೇಲಿನ ತಿರುವಿನಲ್ಲಿ ಸಣ್ಣಗೆ ಕೇಳಿಸಿತು, ಆಮೇಲೆ ಇಲ್ಲ.

ನಾನು ಎದ್ದು ಹತ್ತಿರ ಹೋದೆ. "ಆಟೋದವನು ನಂಗೆ ಗೊತ್ತು ಅಕ್ಕಾ. ಈ ರಸ್ತೆಗೆ ಬರಬೇಡ ಅಂತ ಹೇಳ್ಲಾ?"

ಅವರು ಸೌಟಿನಿಂದ ಸಾರನ್ನು ಒಮ್ಮೆ ಕಲಕಿದರು.

"ಮೇಳ ಯಾವತ್ತಿನ ತನಕ ಉಂಟಂತೆ?"

"ಭಾನುವಾರದ ತನಕ ಅಕ್ಕಾ."

"ಭಾನುವಾರ," ಎಂದರು ಅವರು ಮೆಲ್ಲಗೆ. ರಸ್ತೆಯ ಕಡೆ ಇನ್ನೊಮ್ಮೆ ನೋಡಿ, ಬಡಿಸಲು ಪಂಕ್ತಿಗೆ ಮರಳಿದರು.